ಸರದಾರನ ಎಡಮಗ್ಗಲು

ಅಬ್ಬಿಗೇರಿಯ ಹುಚ್ಚವ್ವ ರೋಣಕ್ಕೆ ಹೋದದ್ದು ಚಿತ್ರ ಕಲಿಯಲಿಕ್ಕಲ್ಲ, ಫ್ಯಾನಿನ ಗಾಳಿಗೆ. ಆ ವರ್ಷದ ಬಿಸಿಲು ಎಂಥದ್ದೆಂದರೆ ಊರಿನ ಕೋಳಿಗಳು ಕುದಿಸಿದ ತತ್ತಿಯನ್ನೇ ಇಡುತ್ತಿದ್ದವು. ಎರೆಹೊಲ ಎಷ್ಟು ಬಿರುಕು ಬಿಟ್ಟಿತ್ತೆಂದರೆ ಅಬ್ಬಿಗೇರಿಯಲ್ಲಿ ಒಬ್ಬನ ಕೈಜಾರಿ ಬಿದ್ದ ಕುಡಗೋಲು ಮೂರು ದಿನ ಬಿಟ್ಟು ಪುರ್ತಗೇರಿಯ ಬಾವಿಯಲ್ಲಿ ಸಿಕ್ಕಿತು. ಅನುಮಾನವಿದ್ದವರು ಆ ಬಾವಿಯನ್ನು ಹೋಗಿ ನೋಡಬಹುದು, ಇನ್ನೂ ಇದೆ.

ಪಕ್ಕದ ಮನೆಯ ರಾಜೇಶ್ವರಿ ರೋಣದ ‘ಕಲಿಕೆ ಮನೆ’ಯಲ್ಲಿ ಹೊಲಿಗೆಗೆ ಹೆಸರು ಹಚ್ಚಿದ್ದಳು. ಒಬ್ಬಳೇ ಬಸ್ಸು ಹತ್ತಲು ಬೇಸರ ಅಂತ ಹುಚ್ಚವ್ವನನ್ನೂ ಎಳೆದುಕೊಂಡು ಹೋದಳು. ಹಳೆಯ ಅರಳೆ ಗೋದಾಮಿಗೆ ಸುಣ್ಣ ಹೊಡೆದು ಮಾಡಿದ ಮನೆ ಅದು. ಹದಿನೆಂಟು ದಾಟಿದ ಯಾರು ಬೇಕಾದರೂ ಬಂದು ಏನು ಬೇಕಾದರೂ ಕಲಿಯಬಹುದಿತ್ತು. ಬಾಗಿಲ ಮೇಲೆ ‘ಏನೂ ಬಾರದವರು ಮೊದಲು ಬರಬೇಕು’ ಎಂಬ ಬೋರ್ಡು. ಇಂಥ ಬೋರ್ಡು ಭೂಮಂಡಲದಲ್ಲಿ ಇನ್ನೊಂದಿಲ್ಲ. ಅಲ್ಪಸ್ವಲ್ಪ ಬರುವವರು ನಾಚಿಕೊಂಡು ಹಿಂದೆ ನಿಲ್ಲಬೇಕು. ಏನೂ ಬಾರದವರು ಎದೆ ಸೆಟೆಸಿ ಒಳಗೆ ಹೋಗಬೇಕು. ಒಂದು ಮೂಲೆಯಲ್ಲಿ ಹಲ್ಲು ಬಿದ್ದ ಅಜ್ಜಂದಿರು ಅಕ್ಷರ ತಿದ್ದುತ್ತಿದ್ದರು. ಇನ್ನೊಂದು ಮೂಲೆಯಲ್ಲಿ ಒಬ್ಬ ರಿಟೈರ್ಡ್ ಬಸ್ ಕಂಡಕ್ಟರು ತಬಲಾ ಬಡಿಯುತ್ತಿದ್ದರು. ಅವರ ಮೊದಲ ವಾರದ ಪೆಟ್ಟಿಗೇ ಗೋದಾಮಿನ ಪಾರಿವಾಳಗಳೆಲ್ಲ ಮರಿಮಕ್ಕಳ ಸಮೇತ ಗಜೇಂದ್ರಗಡದ ಕೋಟೆಗೆ ಗುಳೆ ಹೋದವು.

ಗೋದಾಮಿನಲ್ಲಿ ಮೂರು ಫ್ಯಾನು. ಅದರಲ್ಲಿ ಭರ್ರನೆ ತಿರುಗುವುದು ಒಂದೇ, ಚಿತ್ರದ ತರಗತಿಯದು. ಹುಚ್ಚವ್ವ ಸೀರೆಯ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಅದರ ಕೆಳಗೆ ಕುಕ್ಕರಿಸಿದಳು. ಕೂತವರ ಕೈಗೆಲ್ಲ ಹಾಳೆ, ಪೆನ್ಸಿಲ್ ಬಂತು. ಆಕೆಯ ಕೈಗೂ ಬಂತು. ಮೂರನೇ ಇಯತ್ತೆ ಬಿಟ್ಟ ಮೇಲೆ ಆಕೆ ಪೆನ್ಸಿಲ್ ಹಿಡಿದಿರಲಿಲ್ಲ. ಹಿಡಿದಾಗಲೂ ಅದನ್ನು ಕುರ್ಪಿಯ ಹಾಗೆ ಮುಷ್ಟಿಯಲ್ಲೇ ಹಿಡಿದಳು.

ಕಲಿಸುವವಳು ನಾಹೀದ, ಗಜೇಂದ್ರಗಡದ ಹುಡುಗಿ. ಅವಳ ಅಪ್ಪ ಮಗ್ಗದ ಸೀರೆಗಳಿಗೆ ಅಂಚಿನ ನಮೂನೆಯನ್ನು ಚೌಕಳಿ ಹಾಳೆಯ ಮೇಲೆ ಬರೆದುಕೊಡುವವನು. ಹುಡುಗಿಯ ವಯಸ್ಸು ಇಪ್ಪತ್ತಾರು. ಐವತ್ತಾರರ ಹುಚ್ಚವ್ವ ಅವಳನ್ನು ಸಾಲಿ ಪದ್ಧತಿಯಂತೆ ‘ಅಕ್ಕಾರ’ ಅಂತಲೇ ಕರೆದಳು.

ಮೊದಲ ದಿನ ಮೇಜಿನ ಮೇಲೆ ಒಂದು ತಂಬಿಗೆ ಇಟ್ಟು, ಇದರ ಚಿತ್ರ ತೆಗೆಯಿರಿ ಅಂದಳು ನಾಹೀದ. ಹುಚ್ಚವ್ವ ನಾಲಿಗೆ ಹೊರಗೆ ಚಾಚಿ ತೆಗೆದೇ ತೆಗೆದಳು. ತಂಬಿಗೆಗೆ ಚಂದ್ರನಂಥ ದುಂಡು ಬಾಯಿ ಬಂತು, ತಳ ಬಂತು, ಹೊಟ್ಟೆಯ ತುಂಬ ಅಡ್ಡಗೆರೆಗಳೂ ಬಂದವು. ನಾಹೀದ ಬಗ್ಗಿ ನೋಡಿ, ಈ ಗೆರೆ ಏನು ಅಂತ ಕೇಳಿದಳು.

“ನೀರ್ರಿ ಅಕ್ಕಾರ.”

“ಅವ್ವಾರ, ಅಲ್ಲಿ ಕುಂತರ ನಿಮಗ ನೀರು ಕಾಣ್ತಾವೇನ್ರಿ?”

“ಕಾಣೂದಿಲ್ಲ. ಆದ್ರ ಈಗರ ನಾನ ತುಂಬಿ ಕೊಟ್ಟೇನಲ್ಲ.”

“ಗೊತ್ತಿದ್ದದ್ದು ಬ್ಯಾಡ್ರಿ. ಕಂಡದ್ದಷ್ಟ ತಗೀರಿ.”

ಈ ಒಂದು ಮಾತು ಹುಚ್ಚವ್ವನ ತಲೆಯಲ್ಲಿ ಗೂಟ ಬಡಿದುಕೊಂಡು ಕೂತಿತು. ಮನೆಗೆ ಬಂದು ತನ್ನದೇ ಚೆರಿಗೆ, ತನ್ನದೇ ಒಲೆ, ತನ್ನದೇ ಬಲಗೈ ನೋಡಿದಳು. ಐವತ್ತಾರು ವರ್ಷ ಅವನ್ನೆಲ್ಲ ಬಳಸಿದ್ದಳೇ ಹೊರತು ನೋಡಿರಲೇ ಇಲ್ಲ. ಅಂದಿನಿಂದ ಆಕೆ ಕಂಡದ್ದನ್ನೆಲ್ಲ ಎಷ್ಟು ದಿಟ್ಟಿಸಿ ನೋಡಲು ಹತ್ತಿದಳೆಂದರೆ ಸಂತೆಯಲ್ಲಿ ಬದನೆಕಾಯಿ ಮಾರುವವರು ಕಾಯಿಯಲ್ಲಿ ಹುಳುಕು ಇರದಿದ್ದರೂ ಹೆದರಿ ದರ ಇಳಿಸುತ್ತಿದ್ದರು.

ಆಕೆಯ ಗಂಡ ಶಿವನಪ್ಪನಿಗೆ ಮಾತ್ರ ಇದೆಲ್ಲ ನಗೆಯ ಮಾತು. ನೋಡುವುದೆಂದರೆ ಅದು ಅವನ ಕಸಬು. ರೋಣ, ನರಗುಂದ, ಗಜೇಂದ್ರಗಡ, ಈ ಮೂರು ಕಡೆಯ ದನದ ಸಂತೆಗೂ ಅವನೇ ಪಾರಖಿ. ಯಾರೇ ಎತ್ತು ಕೊಳ್ಳಲಿ, ಮೊದಲು ಶಿವನಪ್ಪನನ್ನು ಕರೆದೊಯ್ದು ಹೂಂ ಅನಿಸಿಕೊಳ್ಳಬೇಕು. ಎತ್ತಿನ ಬಾಯಿ ತೆರೆಸಿದರೆ ಬರೀ ಉಸಿರಿನ ವಾಸನೆಯ ಮೇಲೆ ಅದು ಯಾವ ಊರಿನ ಕಣಿಕೆ ತಿಂದದ್ದು, ಅದರ ಮುತ್ತಜ್ಜನಿಗೆ ಯಾವ ಕಾಲು ಕುಂಟಾಗಿತ್ತು ಅಂತ ಹೇಳುತ್ತಿದ್ದ. ಅವನು ಸಂತೆಗೆ ಕಾಲಿಟ್ಟರೆ ಐಬಿದ್ದ ಎತ್ತುಗಳು ತಾವಾಗಿಯೇ ಗುಂಪಿನ ಹಿಂದೆ ಸರಿದು ನಿಲ್ಲುತ್ತಿದ್ದವಂತೆ.

ಅಂಥವನು ಹೋದ ವರ್ಷ ನರಗುಂದದ ಸಂತೆಯಲ್ಲಿ ತನಗಾಗಿಯೇ ಒಂದು ಎತ್ತು ಆರಿಸಿ ತಂದ. ಹಾಲಿನಂಥ ಬಿಳುಪು, ಗುಡ್ಡದಂಥ ಹಿಣಿಲು. ಹೆಸರು ಸರದಾರ. ಮಾರಿದವನು ಎಷ್ಟು ಧಾರಾಳಿ ಎಂದರೆ ಎತ್ತಿನ ಕುತ್ತಿಗೆಯಲ್ಲಿದ್ದ ಅಂಗೈಯಗಲದ ಗೆಜ್ಜೆಸರವನ್ನೂ ಬಿಟ್ಟಿ ಕೊಟ್ಟ. ಬಿಚ್ಚಬೇಡಿ, ದೃಷ್ಟಿಯಾಗುತ್ತದೆ ಅಂತಲೂ ಹೇಳಿದ. ಸರ ಬಿಟ್ಟಿ ಸಿಕ್ಕ ಸುದ್ದಿಯನ್ನು ಶಿವನಪ್ಪ ಊರಿನಲ್ಲಿ ಮನೆಮನೆಗೆ ಹೋಗಿ ಹೇಳಿದ. ಈ ಎತ್ತಿನಲ್ಲಿ ಎಳ್ಳಿನಷ್ಟು ಐಬಿಲ್ಲ ಅಂತ ಚಹಾದಂಗಡಿಗೊಮ್ಮೆ ಸಾರಿದ. ಸರ ಮಾತ್ರ ಅಂದಿನಿಂದ ಬಿಚ್ಚಲಿಲ್ಲ. ಮೈ ತೊಳೆಯುವಾಗ ಹುಚ್ಚವ್ವ ಅದರ ಸುತ್ತಲೇ ತೊಳೆಯಬೇಕು.

ಮಳೆಗಾಲ ಮುಗಿಯುವ ಹೊತ್ತಿಗೆ ಕಲಿಕೆ ಮನೆಯವರು ‘ಗೋಡೆ ಹಬ್ಬ’ ಸಾರಿದರು. ಹೊಸದಾಗಿ ಕಲಿತವರೆಲ್ಲ ತಮ್ಮದೊಂದು ಕೆಲಸವನ್ನು ಗೋದಾಮಿನ ಗೋಡೆಗೆ ತೂಗಹಾಕಬೇಕು, ಕೆಳಗೆ ತಮ್ಮ ಹೆಸರನ್ನು ತಾವೇ ಬರೆಯಬೇಕು. ಹುಚ್ಚವ್ವನ ಹೆಸರು ಅಲ್ಲಿಯವರೆಗೆ ಬರೆಯಲ್ಪಟ್ಟದ್ದು ಎರಡೇ ಕಡೆ, ರೇಶನ್ ಕಾರ್ಡಿನಲ್ಲಿ ಮತ್ತು ಮತದಾರರ ಪಟ್ಟಿಯಲ್ಲಿ. ಎರಡರಲ್ಲೂ ಬಾಲದಂತೆ ಗಂಡನ ಹೆಸರಿತ್ತು. ಗೋಡೆಯ ಮೇಲೆ ಬರೀ ‘ಹುಚ್ಚವ್ವ, ಅಬ್ಬಿಗೇರಿ’ ಅಂತ ಇರುತ್ತದೆ ಅನ್ನುವುದು ತಿಳಿದಾಗ ಆಕೆಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಬಂದ ಮೇಲೆ ಮೂರು ದಿನ ಬಿಡಲಿಲ್ಲ.

ಏನು ತೆಗೆಯುವುದು? ಮನೆಯಲ್ಲಿ ಗೋಡೆಗೆ ಹಚ್ಚುವಷ್ಟು ದೊಡ್ಡ ಜೀವ ಸರದಾರನೊಬ್ಬನೇ. ನಾಲ್ಕು ದಿನ ಮಧ್ಯಾಹ್ನ, ಶಿವನಪ್ಪ ಹೊಲದಲ್ಲಿದ್ದಾಗ, ಆಕೆ ಗೋದಲಿಯ ಮುಂದೆ ಮಣೆ ಹಾಕಿಕೊಂಡು ಕೂತಳು. ಸರದಾರ ಫೋಟೋ ತೆಗೆಸಿಕೊಳ್ಳುವ ಮದುಮಗನ ಹಾಗೆ ಉಸಿರು ಬಿಗಿಹಿಡಿದು ನಿಂತ. ಕಣ್ಣು ಬಂತು, ಕೋಡು ಬಂತು, ಗಂಗೆದೊಗಲು ಮಡಿಕೆ ಮಡಿಕೆಯಾಗಿ ಇಳಿಯಿತು. ಕಾಡಿದ್ದು ಗೆಜ್ಜೆಗಳು. ಒಟ್ಟು ಇಪ್ಪತ್ತೊಂದು. ಮೂರು ತೆಗೆಯುವುದರೊಳಗೆ ಅವು ಬೆಳ್ಳುಳ್ಳಿಯಾದವು. ಇಪ್ಪತ್ತೊಂದು ಬೆಳ್ಳುಳ್ಳಿ ಕಟ್ಟಿಕೊಂಡ ಎತ್ತನ್ನು ಯಾರು ನೋಡುತ್ತಾರೆ? ಹುಚ್ಚವ್ವ ಎದ್ದು ಸರವನ್ನೇ ಬಿಚ್ಚಿ ಗೂಟಕ್ಕೆ ಹಾಕಿದಳು.

ಸರದ ಕೆಳಗೆ, ಕುತ್ತಿಗೆಯ ಎಡಮಗ್ಗಲಿಗೆ, ಕೂದಲು ಹೆಬ್ಬೆರಳಿನ ಗುರುತಿನ ಹಾಗೆ ಸುತ್ತಿಕೊಂಡು ನಿಂತಿತ್ತು. ಒಂದು ಸುಳಿ. ಆಕೆಗೆ ಅದರ ಚೆಂದವಷ್ಟೇ ಕಂಡಿತು. ಒಂದೊಂದೇ ಕೂದಲಿನಂತೆ ಗೆರೆ ಎಳೆದು, ಇಡೀ ಚಿತ್ರದಲ್ಲಿ ಬೇರೆ ಯಾವುದಕ್ಕೂ ಹಾಕದ ಜೀವ ಹಾಕಿ ಅದನ್ನು ಬರೆದಳು. ಆಮೇಲೆ ಸರ ಮೊದಲಿದ್ದಲ್ಲೇ ಕಟ್ಟಿದಳು.

ನಾಹೀದ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದಳು. ಬಾಗಿಲಿಗೆ ಎದುರಾದ ಜಾಗ ಇದಕ್ಕೇ ಅಂದಳು. ಹಬ್ಬಕ್ಕೆ ಮೂರು ದಿನ ಉಳಿದಿತ್ತು. ಹುಚ್ಚವ್ವ ಗಂಡನಿಗೆ ತೋರಿಸಿಯೇ ಕೊಡುತ್ತೇನೆ ಅಂತ ಸುರುಳಿ ಸುತ್ತಿ ಮನೆಗೆ ತಂದಳು.

ಸಂಜೆಯ ಚಹಾಕ್ಕೆ ಕೂತ ಶಿವನಪ್ಪನ ಮುಂದೆ ಹಾಳೆ ಬಿಚ್ಚಿದಳು. ಅವನು ಬಟ್ಟಲು ಕೆಳಗಿಟ್ಟ. ಚಿತ್ರ ನೋಡುವುದು ಅವನಿಗೆ ಗೊತ್ತಿರಲಿಲ್ಲ, ಎತ್ತು ನೋಡುವುದು ಗೊತ್ತಿತ್ತು. ಹಾಗಾಗಿ ಗೊರಸಿನಿಂದ ಸುರುಮಾಡಿ ಮೊಣಕಾಲು, ಪಕ್ಕೆ, ಎದೆ ಅಂತ ಮೇಲೇರಿದ. ಹಿಂಬದಿ ನೋಡಬೇಕೆಂದು ಹಾಳೆಯನ್ನು ತಿರುವಿದ. ಅಲ್ಲಿ ಏನೂ ಇರಲಿಲ್ಲ. ಮತ್ತೆ ಈ ಕಡೆ ತಿರುವಿ, ಎತ್ತು ಚಲೋ ಐತಿ ಅಂದ. ಅವನ ಬಾಯಿಂದ ಆ ಮಾತು ಬರುವುದಕ್ಕೆ ಸಂತೆಯಲ್ಲಿ ಜನ ಬಿಸಿಲಲ್ಲಿ ಅರ್ಧ ದಿನ ಕಾಯುತ್ತಿದ್ದರು. ಹುಚ್ಚವ್ವನ ಮುಖ ದೀಪ ಹಚ್ಚಿದಂತಾಯಿತು.

ಆಗ ಅವನ ಬೆರಳು ಕುತ್ತಿಗೆಯ ಮೇಲೆ ನಿಂತಿತು.

“ಈ ಸುಳಿ ಯಾಕ ಹಾಕಿದಿ?”

“ಐತಿ, ಹಾಕೇನಿ.”

“ಎಲ್ಲೈತಿ?”

“ಸರದ ಬುಡಕ.”

ಶಿವನಪ್ಪ ಎದ್ದು ಗೋದಲಿಗೆ ಹೋದ. ಗೆಜ್ಜೆ ಝಲ್ ಅಂದಿತು, ಸುಮ್ಮನಾಯಿತು. ಅವನು ಮರಳಿ ಬಂದಾಗ ಆರಡಿ ಆಳು ಐದಡಿಗೆ ಇಳಿದಿದ್ದ. ಕುತ್ತಿಗೆಯ ಎಡಮಗ್ಗಲಿಗೆ ಸುಳಿಯಿದ್ದ ಎತ್ತು ಕಟ್ಟಿದರೆ ಯಜಮಾನನ ಮಾತಿಗೆ ಬೆಲೆ ಉಳಿಯುವುದಿಲ್ಲ ಅಂತ ಪಾರಖಿಗಳ ಲೆಕ್ಕ. ಇಂಥ ಸುಳಿ ಕಂಡು ಅವನು ಬೇರೆಯವರಿಗೆ ಬೇಡ ಅಂದ ಎತ್ತುಗಳನ್ನು ಸಾಲಾಗಿ ನಿಲ್ಲಿಸಿದರೆ ಅಸೂಟಿಯ ಕೆರೆಗೆ ಮೂರು ಸುತ್ತು ಬರುತ್ತಿತ್ತು. ತನ್ನ ಮನೆಯಲ್ಲೇ ಒಂದು ವರ್ಷದಿಂದ ಅಂಥದ್ದಕ್ಕೆ ಹಿಂಡಿ ತಿನ್ನಿಸಿದ್ದ. ಇದು ಗೋಡೆಗೇರಿದರೆ ಮೂರು ಸಂತೆಗಳಲ್ಲಿ ಮುಖ ತೋರಿಸುವುದು ಹೇಗೆ? ಗಜೇಂದ್ರಗಡದ ಎತ್ತಿನ ದಲಾಲಿ ಮೈನುದ್ದೀನ ಒಬ್ಬ ಸಾಕು. ಮೂವತ್ತು ವರ್ಷದಿಂದ ಶಿವನಪ್ಪನ ಒಂದು ತಪ್ಪಿಗಾಗಿ ಬಾಯಿ ತೆರೆದುಕೊಂಡು ಕಾದವನು ಅವನು.

ಬೈಯಲಿಲ್ಲ. ಬೈದಿದ್ದರೆ ಹುಚ್ಚವ್ವನಿಗೆ ಸುಲಭವಾಗುತ್ತಿತ್ತು. ಅವನು ಬಟ್ಟಲಿನಲ್ಲಿ ಆರಿದ ಚಹಾ ನೋಡುತ್ತ ಮೆಲ್ಲಗೆ ಅಂದ: “ಅಷ್ಟ ಅಳಿಸಿಬಿಡು. ಉಳಕಿದ್ದು ಎಲ್ಲಾ ಇರಲಿ. ಯಾರಿಗೆ ಗೊತ್ತಾಗ್ತೈತಿ?”

ಮರುದಿನ ಮಧ್ಯಾಹ್ನ ಆಕೆ ರಬ್ಬರು ಹಿಡಿದು ಕೂತಳು. ಮೂವತ್ತೇಳು ವರ್ಷದ ಸಂಸಾರದಲ್ಲಿ ಈ ಮನುಷ್ಯ ಏನನ್ನೂ ಇಷ್ಟು ಮೆತ್ತಗೆ ಕೇಳಿರಲಿಲ್ಲ. ಒಂದು ಬೆರಳಗಲದ ಮಾತು, ಅಳಿಸಿದರೆ ಆಯಿತು. ಎರಡು ಸಲ ತಿಕ್ಕಿದಳು, ಕಾಲುಭಾಗ ಹೋಯಿತು. ದೂರ ಹಿಡಿದು ನೋಡಿದರೆ ಗೊಬ್ಬರದ ಅಂಗಡಿಯ ಕ್ಯಾಲೆಂಡರಿನ ಎತ್ತು ಆಕೆಯನ್ನು ನೋಡುತ್ತಿತ್ತು. ಮೈತುಂಬ ಚೆಂದ, ಯಾರ ಮನೆಯದೂ ಅಲ್ಲ. ಸರದಾರ ಎಲ್ಲಿ ಹೋದ ಅಂತ ತಿರುಗಿದರೆ ಅವನು ಅಲ್ಲೇ ಇದ್ದ, ಕುತ್ತಿಗೆಯ ಎಡಮಗ್ಗಲನ್ನು ಗೂಟಕ್ಕೆ ಉಜ್ಜುತ್ತ. ಹುಚ್ಚವ್ವ ರಬ್ಬರು ಕೆಳಗಿಟ್ಟು ಪೆನ್ಸಿಲ್ ಚೂಪು ಮಾಡಿ, ಹೋದ ಕೂದಲುಗಳನ್ನೆಲ್ಲ ಒಂದೊಂದಾಗಿ ಮತ್ತೆ ಹುಟ್ಟಿಸಿದಳು.

ಸಂಜೆಗೆ ಮುಚ್ಚುಮರೆಯಿಲ್ಲದೆ ಹೇಳಿದಳು. ಅಳಿಸುವುದು ನನ್ನ ಕೈಯಿಂದ ಆಗುವುದಿಲ್ಲ. ಬೇಡವೆಂದರೆ ಒಯ್ಯುವುದೇ ಇಲ್ಲ, ಟ್ರಂಕಿನಲ್ಲಿ ಇಡುತ್ತೇನೆ, ಹೆಸರೂ ಬೇಡ ಗೋಡೆಯೂ ಬೇಡ, ಬೇಡವೆನ್ನುವುದನ್ನು ನೀವು ಬಾಯಿಬಿಟ್ಟು ಹೇಳಬೇಕು ಅಷ್ಟೆ. ಶಿವನಪ್ಪ ಹೇಳಲಿಲ್ಲ. ದಿನಾ ಹತ್ತೊಂಬತ್ತು ರೊಟ್ಟಿ ತಿನ್ನುವವನು ಅಂದು ಹದಿನೇಳೇ ತಿಂದು ಕೈತೊಳೆದ. ಆದರೂ ಹಬ್ಬದ ದಿನ ಮುಂಜಾನೆ ಆಕೆ ಸುರುಳಿಯನ್ನು ಕಂಕುಳಲ್ಲಿ ಅವಚಿಕೊಂಡು ರಾಜೇಶ್ವರಿಯ ಹಿಂದೆ ಬಸ್ಸು ಹತ್ತಿದಳು. ಶಿವನಪ್ಪ ಹೊಲದ ಕಡೆ ಮುಖ ಮಾಡಿ ನಿಂತಿದ್ದ.

ಗೋಡೆ ಹಬ್ಬಕ್ಕೆ ಬಂದ ಜನವೆಂದರೆ ರೋಣದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸುಗಳಿಗೆ ನಿಲ್ಲಲು ಜಾಗವಿರಲಿಲ್ಲ. ಅಜ್ಜಂದಿರ ಅಕ್ಷರ, ರಾಜೇಶ್ವರಿ ಹೊಲಿದ ಎರಡು ಬಲಗೈಯ ಕುಪ್ಪಸ, ಎಲ್ಲವನ್ನೂ ಜನ ದಾಟಿಕೊಂಡು ಬಾಗಿಲಿನೆದುರಿಗೆ ಬಂದು ಕೂಡಿದರು. ಸಂತೆ ಮುಗಿಸಿ ಬಂದ ರೈತರಿಗೆ ಅದು ಚಿತ್ರವೆಂಬುದೇ ಮರೆತುಹೋಯಿತು. ಒಬ್ಬ ಹಲ್ಲು ಎಷ್ಟು ಅಂತ ಕೇಳಿದ. ಇನ್ನೊಬ್ಬ, ಹಾಯುತ್ತದೇನು ಅಂತ ಕೇಳಿ ಒಂದು ಹೆಜ್ಜೆ ಹಿಂದೆ ಸರಿದು ನಿಂತ. ಒಬ್ಬ ಮುದುಕ ಇದರ ಜೋಡಿ ಎಲ್ಲಿ ಅಂತ ಪಕ್ಕದ ಹಾಳೆಗಳಲ್ಲಿ ಹುಡುಕಿದ. ಪಕ್ಕದಲ್ಲಿದ್ದದ್ದು ಬಾಳೆಹಣ್ಣಿನ ಚಿತ್ರ. ಹುಚ್ಚವ್ವ ಗೋಡೆಗೆ ಬೆನ್ನುಕೊಟ್ಟು ನಿಂತು ಒಂದು ಕಣ್ಣಿನಲ್ಲಿ ತನ್ನ ಹೆಸರನ್ನೂ ಇನ್ನೊಂದರಲ್ಲಿ ಬಾಗಿಲನ್ನೂ ನೋಡುತ್ತಿದ್ದಳು.

ಬಾಗಿಲಲ್ಲಿ ಮೈನುದ್ದೀನ ಬಂದ. ಜನ ಅವನಿಗೆ ದಾರಿ ಬಿಟ್ಟರು. ಅವನೂ ಗೊರಸಿನಿಂದಲೇ ಹೊರಟ, ಮೊಣಕಾಲು ದಾಟಿದ, ಎದೆ ದಾಟಿದ, ಕುತ್ತಿಗೆಗೆ ಬಂದು ನಿಂತ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

“ವೈನಿ, ಇದು ಯಾರ ಎತ್ತು?”

ಹುಚ್ಚವ್ವನ ಬಾಯಲ್ಲಿ ಒಂದು ಸುಳ್ಳು ತಯಾರಾಗಿ ಕೂತಿತ್ತು. ಯಾರದೂ ಅಲ್ಲ, ತಲೆಯಲ್ಲಿ ಬಂದದ್ದು ಅಂದರೆ ಮುಗಿಯಿತು. ಗಂಡನ ಮಾನ ಉಳಿಯುತ್ತದೆ, ಹೆಸರೂ ಗೋಡೆಯ ಮೇಲಿರುತ್ತದೆ. ಬಾಯಿ ತೆರೆದಳು. ಆದರೆ ಹಾಗಂದರೆ ಅಲ್ಲಿ ನಿಂತ ಎತ್ತು ಮತ್ತೆ ಕ್ಯಾಲೆಂಡರಿಗೆ ಹೋಗುತ್ತದೆ, ಆಕೆ ನಾಲ್ಕು ದಿನ ನೋಡಿದ್ದೂ ಅದರ ಜೊತೆಗೇ ಹೋಗುತ್ತದೆ.

“ನಮ್ಮದ. ನಮ್ಮ ಸರದಾರ.”

ಮೈನುದ್ದೀನನ ಬಾಯಿ ಕಿವಿಯಿಂದ ಕಿವಿಗೆ ಅಗಲವಾಯಿತು. ಮೂವತ್ತು ವರ್ಷದ ನಗೆಯೆಲ್ಲ ಕೂಡಿ ಹೊರಗೆ ಬರಲು ಹವಣಿಸಿತು. ಇದು ಶಿವನಪ್ಪಣ್ಣ ಆರಿಸಿದ್ದೇನು ಅಂತ ಅವನು ಇನ್ನೂ ಕೇಳುತ್ತಿದ್ದಾಗಲೇ ತಬಲಾದ ಕಡೆಯ ಕಂಬದ ಮರೆಯಿಂದ ಒಂದು ಕೆಮ್ಮು ಬಂತು. ಮುಂದಿನ ಬಸ್ಸಿಗೇ ಬಂದಿದ್ದ ಶಿವನಪ್ಪ ಅಲ್ಲಿ ನಿಂತು ಒಂದು ತಾಸಾಗಿತ್ತು. ತನ್ನ ಎತ್ತನ್ನು ಅಷ್ಟು ಜನ ಹೊಗಳುವುದನ್ನು ಕೇಳಿಸಿಕೊಂಡು, ಹೊಗಳಿಕೆ ತನ್ನ ಕಡೆ ಬರುವುದಿಲ್ಲ ಎಂಬುದನ್ನೂ ಅರಗಿಸಿಕೊಂಡು, ಈಗ ಜನರ ನಡುವೆ ಬಂದ.

“ನಾನ ಆರಿಸೇನಿ, ಮೈನುದ್ದೀನ. ವರ್ಷ ಆತು, ದಿನಾ ಮೈ ಸವರೇನಿ. ನನಗ ಕಂಡಿದ್ದಿಲ್ಲ. ಇಕಿ ನಾಕ ದಿನಾ ಕುಂತಾಳ, ಕಂಡೈತಿ.” ಚಿತ್ರದ ಕಡೆ ಬೆರಳು ಮಾಡಿ, “ಮಾತಿಂದು ಬೆಲಿ ಹೋಗತೈತಿ ಅಂದ್ರ ಹೋಗಲಿ. ಎತ್ತ ಚಲೋ ಐತಿ,” ಅಂದ.

ಗೋದಾಮು ಎಷ್ಟು ಸ್ತಬ್ಧವಾಯಿತೆಂದರೆ ಕಂಡಕ್ಟರ ತಬಲಾ ಕೂಡ ಮೊದಲ ಸಲ ತಾಳಕ್ಕೆ ನಿಂತಿತು. ಎಲ್ಲರೂ ಮೈನುದ್ದೀನನ ನಗೆಗೆ ಕಾದರು. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. ಆ ದಿನ ನರಗುಂದದಲ್ಲಿ ತಾನೂ ಇದ್ದೆ, ಇದೇ ಕುತ್ತಿಗೆಯನ್ನು ಕೈಯಾರೆ ತಟ್ಟಿದ್ದೆ, ಸರದ ಗೆಜ್ಜೆ ಎಣಿಸುತ್ತ ನಿಂತವನಿಗೆ ಏನೂ ಕಾಣಲಿಲ್ಲ ಅಂತ ಒಪ್ಪಿಕೊಂಡ. ನಗೆ ಬಂತು, ಆದರೆ ಬೇರೆ ನಗೆ.

“ವೈನಿ, ಶನಿವಾರ ಒಂದ ಜೋಡಿ ತೊಗೊಳ್ಳೂದೈತಿ. ಬಂದು ಒಂದ ನಜರ ಹಾಯಿಸಿ ಹೋಗ್ರಿ.”

ಹುಚ್ಚವ್ವ ಬಾಯಿ ತೆರೆಯುವುದರೊಳಗೆ ಶಿವನಪ್ಪ ಐದಡಿಯಿಂದ ಆರಡಿಗೆ ಎದ್ದು ನಿಂತಿದ್ದ. ಆಕೆ ಒಂದು ನಜರ ಹಾಯಿಸುವವಳಲ್ಲ, ಒಂದು ಎತ್ತಿಗೆ ನಾಲ್ಕು ದಿನ ಹಿಡಿಯುತ್ತದೆ ಅಂದ. ಜೋಡಿಗೆ ಎಂಟು. ಕೂಡಲು ಒಳ್ಳೆಯ ಮಣೆ ಬೇಕು, ನೆರಳು ಬೇಕು, ತಾಸಿಗೊಮ್ಮೆ ಚಹಾ ಬೇಕು. ಮತ್ತು ಜೊತೆಗೆ ತಾನು ಬರುತ್ತೇನೆ, ಪೆನ್ಸಿಲ್ ಚೂಪು ಮಾಡಲು ಯಾರಾದರೂ ಬೇಕಲ್ಲ. ಮೈನುದ್ದೀನ ಆರು ದಿನಕ್ಕೆ ಚೌಕಾಶಿ ಮಾಡಿದ. ನಾಹೀದ ಬಾಯಿಗೆ ಸೆರಗು ಅಡ್ಡ ಹಿಡಿದು ನಿಂತಿದ್ದಳು.

ಮರಳುವ ಬಸ್ಸಿನಲ್ಲಿ ಕಿಟಕಿಯ ಸೀಟು ಹುಚ್ಚವ್ವನಿಗೆ ಸಿಕ್ಕಿತು. ಶಿವನಪ್ಪ ನಿಂತೇ ಇದ್ದ, ಕೂತು ಹೇಳಿದರೆ ಸುಳಿಯ ಕಥೆ ಎಲ್ಲರಿಗೂ ಕೇಳುವುದಿಲ್ಲ. ರೋಣ ದಾಟುವಾಗ ಸುಳಿ ಒಂದಿತ್ತು. ಅರ್ಧ ದಾರಿಗೆ ಮೂರಾದವು. ಅಬ್ಬಿಗೇರಿಯ ಬೆಳಕು ಕಾಣುವ ಹೊತ್ತಿಗೆ ಸರದಾರನ ಮೈಮೇಲೆ ಏಳು ಸುಳಿಗಳು ಎದ್ದಿದ್ದವು, ಆಕೆ ಏಳನ್ನೂ ಕಣ್ಣು ಮುಚ್ಚಿ ಬರೆದಿದ್ದಳು, ನಾಲ್ಕು ದಿನ ಅನ್ನ ನೀರು ಮುಟ್ಟಿರಲಿಲ್ಲ. ಹಿಂದಿನ ಸೀಟಿನ ಮುದುಕಿಯೊಬ್ಬಳು ಮುಂದೆ ಬಾಗಿ, ಖರೇನವಾ ಯವ್ವಾ ಅಂತ ಕೇಳಿದಳು.

“ಸುಳಿ ಒಂದ,” ಅಂದಳು ಹುಚ್ಚವ್ವ, ಹೊರಗೆ ಹಾಯುತ್ತಿದ್ದ ಕಡಲೆಯ ಹೊಲಗಳಿಂದ ಕಣ್ಣು ತೆಗೆಯದೆ. “ಊಟಾನೂ ಎರಡೂ ಹೊತ್ತು ಮಾಡೇನಿ.”